ಇನ್ನೂರು ಬುಷ್ ವಾಪಸ್ ಬಂದ ಮೇಲೆ: ಸಣ್ಣ ಮೆಷಿನ್ ಶಾಪ್‌ಗೆ ಐಎಸ್‌ಒ 9001 ಅಂದರೆ ಏನು

ಪೀಣ್ಯದ ಒಂದು ಮೆಷಿನ್ ಶಾಪ್‌ನಲ್ಲಿ ನಾನು ಕ್ವಾಲಿಟಿ ನೋಡಿಕೊಳ್ಳುತ್ತಿದ್ದೆ. ಒಟ್ಟು 22 ಜನ. ನಾಲ್ಕು ಸಿಎನ್‌ಸಿ ಲೇತ್, ಎರಡು ಮಿಲ್ಲಿಂಗ್ ಸೆಂಟರ್, ಮೂಲೆಯಲ್ಲೊಂದು ಹಳೇ ಎಚ್‌ಎಂಟಿ ಲೇತ್. ಒಂದು ಸೋಮವಾರ ಬೆಳಗ್ಗೆ ಗ್ರಾಹಕರ ಕಡೆಯ ಟೆಂಪೋ ಬಂದು 200 ಬುಷ್ ಇಳಿಸಿ ಹೋಯಿತು. ಬುಷ್ ಅಂದರೆ ನಡುವೆ ತೂತಿರುವ ಸಣ್ಣ ಸ್ಟೀಲ್ ಕೊಳವೆ. ಜೊತೆಗೊಂದು ಡೆಬಿಟ್ ನೋಟ್. ಕಾರಣದ ಜಾಗದಲ್ಲಿ ಬರೆದಿದ್ದು ಇಷ್ಟೇ: ಬೋರ್ ಚಿಕ್ಕದು, ಗೋ ಗೇಜ್ ಹೋಗುತ್ತಿಲ್ಲ. ಬೋರ್ ಅಂದರೆ ಆ ತೂತು, ಗೋ ಗೇಜ್ ಅಂದರೆ ತೂತು ಸರಿಯಿದ್ದರೆ ಒಳಗೆ ಹೋಗಲೇಬೇಕಾದ ಅಳತೆಯ ಕಡ್ಡಿ.

ಆ ಬುಷ್‌ನ ಒಳವ್ಯಾಸ 25 ಮಿ.ಮೀ., ಟಾಲರೆನ್ಸ್ ಎಚ್ 7. ಅಂದರೆ 25.000ದಿಂದ 25.021ರ ಒಳಗೆ ಎಲ್ಲಿ ಬಂದರೂ ಸರಿ. ನಮಗೆ ಸಿಗುವ ಜಾಗ ಬರೀ 21 ಮೈಕ್ರಾನ್, ಅಂದರೆ ಒಂದು ಮಿ.ಮೀ.ನ ಸಾವಿರದಲ್ಲಿ 21 ಪಾಲು. ತಲೆಕೂದಲು ಸುಮಾರು 70 ಮೈಕ್ರಾನ್ ದಪ್ಪ ಅಂತ ಇಟ್ಟುಕೊಂಡರೆ ಅದರ ಮೂರರಲ್ಲಿ ಒಂದು ಪಾಲೂ ಇಲ್ಲ.

ನಮ್ಮ ಇನ್‌ಸ್ಪೆಕ್ಷನ್ ರಿಪೋರ್ಟ್ ತೆಗೆದು ನೋಡಿದೆ. 25.003, 25.004, 25.005. ಎಲ್ಲಾ ಓಕೆ. ಆದರೆ ಪೀಸ್ ಕೈಯಲ್ಲಿದೆ, ಗೇಜ್ ಒಳಗೆ ಹೋಗುತ್ತಿಲ್ಲ. ಯಜಮಾನರು ಬಂದು ಮೂರ್ನಾಲ್ಕು ಪ್ರಶ್ನೆ ಕೇಳಿದರು. ಇದು ಯಾವ ರಾಡ್‌ನಿಂದ ಆದದ್ದು? ಯಾವ ಮೆಷಿನ್, ಯಾವ ಶಿಫ್ಟ್, ಯಾರು ಓಡಿಸಿದ್ದು? ಅಳೆದದ್ದು ಯಾವ ಬೋರ್ ಗೇಜ್‌ನಲ್ಲಿ? ಆ ಗೇಜ್ ಸರಿ ಇತ್ತಾ? ಒಂದಕ್ಕೂ ನನ್ನ ಹತ್ತಿರ ಉತ್ತರ ಇರಲಿಲ್ಲ. ರಿಪೋರ್ಟ್‌ನಲ್ಲಿ ನನ್ನ ಸಹಿ ಮಾತ್ರ ಇತ್ತು.

ಐಎಸ್‌ಒ 9001 ಅಂದರೆ ಏನು ಅಂತ ಯಾರಾದರೂ ಕೇಳಿದರೆ ನಾನು ಈಗಲೂ ಆ ಸೋಮವಾರದಿಂದಲೇ ಶುರು ಮಾಡುತ್ತೇನೆ. ಯಜಮಾನರು ಕೇಳಿದ ಆ ಪ್ರಶ್ನೆಗಳಿಗೆ ಯಾವ ದಿನ ಯಾರು ಕೇಳಿದರೂ ಉತ್ತರ ಸಿಗುವ ಹಾಗೆ ಕೆಲಸ ಮಾಡುವ ಪದ್ಧತಿ ಅದು. ಗೋಡೆಗೆ ಹಾಕುವ ಸರ್ಟಿಫಿಕೇಟ್ ಆಮೇಲಿನ ಮಾತು.

ಬುಷ್‌ಗೆ ಅಲ್ಲ, ಕೆಲಸದ ರೀತಿಗೆ

ಜಾಸ್ತಿ ಜನ ಎಡವುವುದು ಇಲ್ಲೇ. "ಐಎಸ್‌ಒ ಸರ್ಟಿಫೈಡ್ ಬುಷ್" ಅಂತ ಒಂದು ವಸ್ತು ಇಲ್ಲ. 9001 ಬುಷ್ ಎಷ್ಟು ಗಟ್ಟಿ ಇರಬೇಕು, ಬೋರ್ ಎಷ್ಟಿರಬೇಕು ಅಂತ ಹೇಳುವುದಿಲ್ಲ. ಅದನ್ನು ಹೇಳುವುದು ಗ್ರಾಹಕರ ಡ್ರಾಯಿಂಗ್. ಆ ಡ್ರಾಯಿಂಗ್‌ನಲ್ಲಿ ಇರುವುದನ್ನು ಪ್ರತಿ ಸಲವೂ ತಪ್ಪದೆ ಮಾಡಿಕೊಡಲು ನಿಮ್ಮಲ್ಲಿ ಏನೇನು ವ್ಯವಸ್ಥೆ ಇರಬೇಕು ಅನ್ನುವುದನ್ನಷ್ಟೇ 9001 ಹೇಳುತ್ತದೆ. ಹಾಗಾಗಿಯೇ ಸರ್ಟಿಫಿಕೇಟ್ ಕೊಟ್ಟವರ ಮುದ್ರೆಯನ್ನು ಪೀಸ್ ಮೇಲೆ, ಅದರ ಡಬ್ಬಿ ಮೇಲೆ ಹಾಕುವಂತಿಲ್ಲ. ಐಎಸ್‌ಒ ಸಂಸ್ಥೆಯ ಲೋಗೋವನ್ನಂತೂ ಎಲ್ಲೂ ಬಳಸುವಂತಿಲ್ಲ.

ಇದರ ಹಿಂದಿನ ಕಥೆ ಯುದ್ಧದ ಸಾಮಾನಿನದು. ಮದ್ದುಗುಂಡು, ವಿಮಾನದ ಭಾಗಗಳನ್ನು ಬಂದ ಮೇಲೆ ಒಂದೊಂದಾಗಿ ಪರೀಕ್ಷೆ ಮಾಡುತ್ತಾ ಕೂತರೆ ಮುಗಿಯುವ ಮಾತಲ್ಲ. ಗುಂಡನ್ನು ಹಾರಿಸಿ ನೋಡಿದರೆ ಆ ಗುಂಡೇ ಉಳಿಯುವುದಿಲ್ಲ. ಹಾಗಾಗಿ ಮಾಲನ್ನು ನೋಡುವ ಬದಲು ಅದನ್ನು ಮಾಡುವ ಕಾರ್ಖಾನೆಯ ಪದ್ಧತಿಯನ್ನು ನೋಡೋಣ ಅನ್ನುವ ಯೋಚನೆ ಬಂತು. 1959ರಲ್ಲಿ ಅಮೆರಿಕದ ಸೇನೆಯವರು ಎಂಐಎಲ್-ಕ್ಯೂ-9858 ಅನ್ನುವ ನಿಯಮ ತಂದರು. 1979ರಲ್ಲಿ ಬ್ರಿಟನ್ನಿನಲ್ಲಿ ಬಿಎಸ್ 5750 ಬಂತು. ಅದನ್ನೇ ಆಧಾರ ಮಾಡಿಕೊಂಡು 1987ರಲ್ಲಿ ಐಎಸ್‌ಒ 9001ರ ಮೊದಲ ಆವೃತ್ತಿ ಹೊರಬಂತು. ಆಮೇಲೆ 1994, 2000, 2008, 2015ರಲ್ಲಿ ಪರಿಷ್ಕರಣೆ ಆಯಿತು.

2015ರ ಪರಿಷ್ಕರಣೆ ಸಣ್ಣ ಘಟಕಗಳಿಗೆ ನಿಜಕ್ಕೂ ದೊಡ್ಡ ಉಪಕಾರ ಮಾಡಿತು. 2008ರ ಆವೃತ್ತಿಯಲ್ಲಿ ಕ್ವಾಲಿಟಿ ಮ್ಯಾನ್ಯುಯಲ್ ಕಡ್ಡಾಯ. ಆರು ವಿಷಯಗಳಿಗೆ ಬರೆದಿಟ್ಟ ಪ್ರೊಸೀಜರ್ ಕಡ್ಡಾಯ. ಮ್ಯಾನೇಜ್‌ಮೆಂಟ್ ರೆಪ್ರೆಸೆಂಟೇಟಿವ್ ಅಂತ ಒಬ್ಬರನ್ನು ನೇಮಿಸುವುದೂ ಕಡ್ಡಾಯ. 2015ರಲ್ಲಿ ಈ ಮೂರೂ ಹೋದವು. ಅವುಗಳ ಜಾಗಕ್ಕೆ ಬಂದದ್ದು ಎರಡು. ನಿಮ್ಮ ಕೆಲಸದಲ್ಲಿ ಎಲ್ಲೆಲ್ಲಿ ಎಡವಟ್ಟಾಗಬಹುದು ಅಂತ ಮೊದಲೇ ಯೋಚಿಸಿ. ಜವಾಬ್ದಾರಿಯನ್ನು ಯಜಮಾನರೇ ಹೊರಲಿ. ಆದರೂ ಇವತ್ತಿಗೂ ಕೆಲವು ಕನ್ಸಲ್ಟೆಂಟ್‌ಗಳು ನೂರೈವತ್ತು ಪುಟದ ಮ್ಯಾನ್ಯುಯಲ್ ತಂದು ಮೇಜಿನ ಮೇಲೆ ಇಡುತ್ತಾರೆ. ನಮಗೂ ಒಂದು ಬಂದಿತ್ತು. ಅದರ ಹನ್ನೆರಡನೇ ಪುಟದಲ್ಲಿ ಬೇರೆ ಯಾವುದೋ ಕಂಪನಿಯ ಹೆಸರು ಹಾಗೇ ಉಳಿದುಕೊಂಡಿತ್ತು. ಯಜಮಾನರು ಅದನ್ನು ಮುಚ್ಚಿಟ್ಟು, "ನಾವು ಮಾಡೋದನ್ನ ನಾವೇ ಬರೆಯೋಣ" ಅಂದರು. ಆ ಒಂದು ಮಾತಿಂದ ನಮ್ಮ ಅರ್ಧ ಕೆಲಸ ಸುಲಭವಾಯಿತು.

ಬುಷ್‌ನ ಜಾಡು ಹಿಡಿದು

ಸ್ಟ್ಯಾಂಡರ್ಡ್‌ನಲ್ಲಿ ಹತ್ತು ಕ್ಲಾಸ್‌ಗಳಿವೆ, ಅಂದರೆ ನಂಬರ್ ಹಾಕಿದ ಕಲಂಗಳು. ಮೊದಲ ಮೂರು ಪೀಠಿಕೆ ಇದ್ದ ಹಾಗೆ. ನಾಲ್ಕರಿಂದ ಹತ್ತರವರೆಗಿನದ್ದು ನಾವು ಮಾಡಬೇಕಾದದ್ದು. ಅವನ್ನು ವರಸೆಯಾಗಿ ಓದಿದರೆ ನಿದ್ದೆ ಬರುತ್ತದೆ, ಸುಳ್ಳಲ್ಲ. ನಿಮ್ಮ ಶಾಪ್‌ನ ಒಂದು ಪೀಸ್ ಕೈಗೆ ತೆಗೆದುಕೊಂಡು ಓದಿ ನೋಡಿ, ಒಂದೊಂದು ಸಾಲಿಗೂ ಅರ್ಥ ಬರುತ್ತದೆ. ನಾವು ವಾಪಸ್ ಬಂದ ಬುಷ್ ಇಟ್ಟುಕೊಂಡೇ ಓದಿದೆವು.

ಬುಷ್ ಶುರುವಾಗುವುದು ರಾಡ್‌ನಿಂದ. ಇಎನ್ 8 ಸ್ಟೀಲ್ ರಾಡ್ ಬಂದಾಗ ಜೊತೆಗೆ ಟೆಸ್ಟ್ ಸರ್ಟಿಫಿಕೇಟ್ ಇರುತ್ತದೆ, ಅದರಲ್ಲಿ ಹೀಟ್ ನಂಬರ್, ಅಂದರೆ ಆ ಸ್ಟೀಲನ್ನು ಯಾವ ಸಲ ಕರಗಿಸಿದ್ದು ಅನ್ನುವ ಗುರುತು, ಇರುತ್ತದೆ. ನಾವು ಸರ್ಟಿಫಿಕೇಟನ್ನು ಫೈಲಿಗೆ ಹಾಕುತ್ತಿದ್ದೆವು, ರಾಡನ್ನು ಸ್ಟ್ಯಾಂಡಿಗೆ ಹಾಕುತ್ತಿದ್ದೆವು. ಎರಡಕ್ಕೂ ನಂಟೇ ಇರಲಿಲ್ಲ. ಈಗ ರಾಡ್ ತುದಿಗೆ ಬಣ್ಣ ಹಚ್ಚಿ ಹೀಟ್ ನಂಬರ್ ಬರೆಯುತ್ತೇವೆ. ಕಟ್ ಮಾಡಿ ಕೊಟ್ಟಾಗ ಆ ನಂಬರ್ ಜಾಬ್ ಕಾರ್ಡ್‌ಗೆ ಹೋಗುತ್ತದೆ. 8.5.2ನೇ ಕ್ಲಾಸ್ ಕೇಳುವುದು ಇದನ್ನೇ. ಖರ್ಚು ಎಷ್ಟು? ಒಂದು ಡಬ್ಬ ಪೇಂಟ್.

ಜಾಬ್ ಕಾರ್ಡ್ ಅನ್ನುವುದು ಎ4 ಹಾಳೆಯ ಅರ್ಧ. ಪೀಸ್‌ಗಳ ಟ್ರೇ ಜೊತೆಗೇ ಓಡಾಡುತ್ತದೆ. ಮೆಷಿನ್ ಯಾವುದು, ಆಪರೇಟರ್ ಯಾರು, ಶಿಫ್ಟ್ ಯಾವುದು, ಯಾವ ಗೇಜ್ ನಂಬರ್‌ನಲ್ಲಿ ಅಳೆದದ್ದು, ಎಷ್ಟು ಓಕೆ, ಎಷ್ಟು ರಿಜೆಕ್ಟ್. ಶುರುವಿನಲ್ಲಿ ಆಪರೇಟರ್‌ಗಳಿಗೆ ಇದು ಕಿರಿಕಿರಿ. "ಸರ್, ಪೀಸ್ ಮಾಡ್ಲಾ, ಬರೀತಾ ಕೂರ್ಲಾ?" ಅಂತ ಒಬ್ಬ ಹುಡುಗ ನೇರವಾಗಿಯೇ ಕೇಳಿದ. ನ್ಯಾಯವಾದ ಪ್ರಶ್ನೆ. ಹದಿನಾರು ಕಾಲಂ ಇದ್ದ ಕಾರ್ಡನ್ನು ನಾವು ಏಳು ಕಾಲಂಗೆ ಇಳಿಸಿದೆವು. ಯಾರೂ ಓದದ ಕಾಲಂ ಇಡಬಾರದು. ಇಟ್ಟರೆ ಶನಿವಾರ ಸಂಜೆ ಕೂತು ಸುಮ್ನೆ ತುಂಬುತ್ತಾರೆ, ಆಮೇಲೆ ಆ ಇಡೀ ಕಾರ್ಡ್ ಮೇಲೇ ನಂಬಿಕೆ ಹೋಗುತ್ತದೆ.

ಇನ್ನು ಗೇಜ್. ಬೋರ್ ಡಯಲ್ ಗೇಜ್‌ಗೆ ತನ್ನದೇ ಅಂತ ಅಳತೆ ಇಲ್ಲ. 25 ಮಿ.ಮೀ. ಸೆಟ್ಟಿಂಗ್ ರಿಂಗ್‌ನಲ್ಲಿ ಇಟ್ಟು ಸೊನ್ನೆ ಮಾಡಿಕೊಂಡು, ಆಮೇಲೆ ಪೀಸ್‌ನಲ್ಲಿ ಎಷ್ಟು ಹೆಚ್ಚು ಕಡಿಮೆ ಅಂತ ನೋಡುವುದು. ರಿಂಗ್ ತಪ್ಪಿದ್ದರೆ ಎಲ್ಲವೂ ತಪ್ಪು. ನಮ್ಮ ರಿಂಗ್‌ನ ಡಬ್ಬಿ ತೆಗೆದು ನೋಡಿದರೆ ಕ್ಯಾಲಿಬ್ರೇಷನ್ ಅವಧಿ ಮುಗಿದು ಎರಡು ವರ್ಷವಾಗಿತ್ತು. ತಕ್ಷಣ ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಲ್ಯಾಬ್‌ಗೆ ಕಳಿಸಿದೆವು. ರಿಪೋರ್ಟ್ ಬಂತು. ರಿಂಗ್ ಸರಿಯಾಗೇ ಇತ್ತು! ಆದರೆ ಆ ರಿಪೋರ್ಟ್ ಬರುವವರೆಗೆ ಆ ಎರಡು ವರ್ಷದಲ್ಲಿ ಕಳಿಸಿದ ಒಂದೇ ಒಂದು ಬೋರ್ ಬಗ್ಗೆಯೂ ನಾವು ಧೈರ್ಯವಾಗಿ ಮಾತಾಡುವ ಹಾಗಿರಲಿಲ್ಲ. 7.1.5ನೇ ಕ್ಲಾಸ್ ಅಳತೆಯ ಉಪಕರಣಗಳ ಬಗ್ಗೆ ಯಾಕೆ ಅಷ್ಟು ಬಿಗಿ ಅಂತ ನನಗೆ ಅವತ್ತು ಗೊತ್ತಾಯಿತು. ರಾಷ್ಟ್ರೀಯ ಅಥವಾ ಅಂತರರಾಷ್ಟ್ರೀಯ ಮಾನಕಕ್ಕೆ ಹೋಗಿ ತಲುಪುವ ಸರಪಳಿ ಅದು. ನಮ್ಮ ಗೇಜ್‌ನಿಂದ ರಿಂಗ್‌ಗೆ, ರಿಂಗ್‌ನಿಂದ ಲ್ಯಾಬ್‌ನ ಮಾಸ್ಟರ್‌ಗೆ, ಅಲ್ಲಿಂದ ಮೇಲಕ್ಕೆ. ಒಂದು ಕೊಂಡಿ ಕಳಚಿದರೂ ಕೆಳಗಿನದೆಲ್ಲ ಅಂದಾಜು.

ಬಿಸಿ ಪೀಸ್

ಹಾಗಾದರೆ ತಪ್ಪು ಎಲ್ಲಿ? ರಿಂಗ್ ಸರಿ, ಗೇಜ್ ಸರಿ, ರಿಪೋರ್ಟ್‌ನಲ್ಲಿ 25.004, ಪೀಸ್ ಮಾತ್ರ ಚಿಕ್ಕದು.

ಒಂದು ಮಧ್ಯಾಹ್ನ ಅದೇ ಮೆಷಿನ್ ಪಕ್ಕ ನಿಂತೆ. ಆಪರೇಟರ್ ಬುಷ್ ತೆಗೆದು ಅಳೆದು ನನ್ನ ಕೈಗೆ ಕೊಟ್ಟ. ಬಿಸಿ ಇತ್ತು. ಪೀಸನ್ನು ತಂಪಾಗಿಡುವ ಕೂಲಂಟ್ ಸಣ್ಣಗೆ ಬರುತ್ತಿತ್ತು, ಸರಿಯಾಗಿ ಬೀಳುತ್ತಿರಲಿಲ್ಲ. ಗೇಜ್‌ನಲ್ಲಿ 25.004. ಅದೇ ಪೀಸನ್ನು ಸರ್ಫೇಸ್ ಪ್ಲೇಟ್ ಮೇಲೆ ರಿಂಗ್ ಪಕ್ಕದಲ್ಲಿಟ್ಟು ಒಂದು ಗಂಟೆ ಬಿಟ್ಟು ಅಳೆದೆ. 24.998.

ಲೆಕ್ಕ ಹಾಕಿದರೆ ಸರಿಹೋಗುತ್ತದೆ. ಒಂದು ಮೀಟರ್ ಸ್ಟೀಲ್ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಹನ್ನೊಂದೂವರೆ ಮೈಕ್ರಾನ್ ಹಿಗ್ಗುತ್ತದೆ. 25 ಮಿ.ಮೀ.ಗೆ ಅದು 0.29 ಮೈಕ್ರಾನ್. ಪೀಸ್ ರಿಂಗ್‌ಗಿಂತ 20 ಡಿಗ್ರಿ ಬಿಸಿ ಇದ್ದರೆ ಆರು ಮೈಕ್ರಾನ್ ವ್ಯತ್ಯಾಸ. ಸ್ಟೀಲ್ ಬಿಸಿಯಾದಾಗ ಬೋರ್ ಕೂಡ ದೊಡ್ಡದಾಗುತ್ತದೆ. ಅಳೆಯುವಾಗ ದೊಡ್ಡದು, ಆರಿದ ಮೇಲೆ ಚಿಕ್ಕದು. ಅದರ ಮೇಲೆ ಆಪರೇಟರ್ ಬೋರನ್ನು ಕೆಳಗಿನ ಮಿತಿಯ ಹತ್ತಿರವೇ ಇಡುತ್ತಿದ್ದ. ಬೋರ್ ದೊಡ್ಡದಾದರೆ ಸ್ಕ್ರ್ಯಾಪ್, ಚಿಕ್ಕದಿದ್ದರೆ ಇನ್ನೊಂದು ಕಟ್ ತೆಗೆಯಬಹುದಲ್ವಾ? ಅವನ ಯೋಚನೆ ಸರಿಯಾಗಿಯೇ ಇತ್ತು.

ಐಎಸ್‌ಒದಲ್ಲಿ ನನಗೆ ತುಂಬಾ ಬೆಲೆಬಾಳುತ್ತದೆ ಅನ್ನಿಸುವ ಕ್ಲಾಸ್ 10.2. ಅದು ಎರಡು ಕೆಲಸಗಳನ್ನು ಬೇರೆ ಬೇರೆ ಮಾಡಿ ನೋಡು ಅನ್ನುತ್ತದೆ. ಆಗಿರುವ ತಪ್ಪನ್ನು ಸರಿಮಾಡುವುದು ಒಂದು. ಅದು ಮತ್ತೆ ಆಗದ ಹಾಗೆ ಮಾಡುವುದು ಇನ್ನೊಂದು. 200 ಬುಷ್‌ಗಳನ್ನು ಹೋನಿಂಗ್ ಮಾಡಿಸಿ (ಬೋರನ್ನು ಒಳಗೆ ತುಸು ಉಜ್ಜಿಸಿ), ಮತ್ತೆ ಅಳೆದು ಕಳಿಸಿದ್ದು ಮೊದಲನೆಯದು. ಮೊದಲೆಲ್ಲ ನಾವು ಅಲ್ಲಿಗೇ ನಿಲ್ಲುತ್ತಿದ್ದೆವು. ರಿಪೋರ್ಟ್‌ನಲ್ಲಿ "ಆಪರೇಟರ್‌ಗೆ ಎಚ್ಚರಿಕೆ ನೀಡಲಾಗಿದೆ" ಅಂತ ಬರೆದು ಮುಗಿಸುತ್ತಿದ್ದೆವು.

ಈ ಸಲ ಯಾಕೆ, ಯಾಕೆ ಅಂತ ಕೇಳುತ್ತಾ ಕೆಳಗಿಳಿದೆವು. ಬೋರ್ ಯಾಕೆ ಚಿಕ್ಕದಾಯಿತು? ಬಿಸಿ ಇದ್ದಾಗ ಅಳೆದದ್ದಕ್ಕೆ. ಯಾಕೆ ಬಿಸಿ ಇತ್ತು? ಕೂಲಂಟ್ ಸಾಲದ್ದಕ್ಕೆ. ಯಾಕೆ ಸಾಲಲಿಲ್ಲ? ಟ್ಯಾಂಕ್‌ನ ಜಾಲರಿಯಲ್ಲಿ ಚಿಪ್ಸ್ ಕಟ್ಟಿಕೊಂಡಿತ್ತು. ಯಾಕೆ ಯಾರೂ ತೆಗೆಯಲಿಲ್ಲ? ಅದು ಯಾರ ಕೆಲಸ ಅಂತ ಯಾವತ್ತೂ ಹೇಳೇ ಇರಲಿಲ್ಲ. ಅಲ್ಲಿಗೆ ಬೇರು ಸಿಕ್ಕಿತು. ತಪ್ಪು ಹುಡುಗನದ್ದಲ್ಲ, ನಮ್ಮದು. ವಾರಕ್ಕೊಮ್ಮೆ ಜಾಲರಿ ತೊಳೆಯುವುದು ಮೆಷಿನ್ ಚೆಕ್‌ಲಿಸ್ಟ್‌ಗೆ ಬಂತು. ಮೈಕ್ರಾನ್ ಲೆಕ್ಕದ ಬೋರ್ ಇರುವ ಪೀಸ್‌ಗಳನ್ನು ರಿಂಗ್ ಜೊತೆ ಆರಲು ಬಿಟ್ಟೇ ಅಳೆಯಬೇಕು ಅಂತ ಮೆಷಿನ್ ಮೇಲೆ ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಹಾಕಿದೆವು. ಕನ್ನಡದಲ್ಲಿ ಯಾಕೆ ಅಂದರೆ, ವರ್ಕ್ ಇನ್‌ಸ್ಟ್ರಕ್ಷನ್ ಇಂಗ್ಲಿಷ್‌ನಲ್ಲೇ ಇರಬೇಕು ಅಂತ ಸ್ಟ್ಯಾಂಡರ್ಡ್ ಎಲ್ಲೂ ಹೇಳಿಲ್ಲ. ಕೆಲಸ ಮಾಡುವವರಿಗೆ ಅರ್ಥವಾಗಬೇಕು, ಅಷ್ಟೇ. ನಮ್ಮಲ್ಲಿ ಒಡಿಶಾದ ಇಬ್ಬರಿದ್ದರು, ಅವರಿಗಾಗಿ ಪಕ್ಕದಲ್ಲಿ ಹಿಂದಿಯಲ್ಲೂ ಬರೆದೆವು.

ಇನ್ನೊಂದು ಮಾತು ಇಲ್ಲೇ ಹೇಳಬೇಕು. ನಮ್ಮ ಹಿರಿಯ ಸೆಟ್ಟರ್ ಒಬ್ಬರಿದ್ದರು, ಎಲ್ಲರೂ ಅಣ್ಣ ಅಂತಲೇ ಕರೆಯುತ್ತಿದ್ದೆವು. ಅವರ ಜೇಬಲ್ಲಿ ಒಂದು ಸಣ್ಣ ಡೈರಿ. ಯಾವ ಪೀಸ್‌ಗೆ ಯಾವ ಇನ್ಸರ್ಟ್, ಎಷ್ಟು ಫೀಡ್, ಯಾವ ದವಡೆ ಹಾಕಿದರೆ ಪೀಸ್ ಅಂಡಾಕಾರ ಆಗುವುದಿಲ್ಲ, ಎಲ್ಲವೂ ಅದರಲ್ಲಿ. ಬಿಸಿ ಪೀಸ್ ವಿಷಯ ಕೇಳಿದಾಗ ಅವರು, "ನಾನು ಯಾವಾಗ್ಲೂ ಟೀ ಕುಡಿದು ಬಂದು ಅಳೀತಿದ್ದೆ ಕಣಯ್ಯ" ಅಂದರು. ಅವರಿಗೆ ಗೊತ್ತಿತ್ತು, ಶಾಪ್‌ಗೆ ಗೊತ್ತಿರಲಿಲ್ಲ. 7.1.6ನೇ ಕ್ಲಾಸ್ ಇರುವುದೇ ಇದಕ್ಕೆ. ಸಂಸ್ಥೆಗೆ ಬೇಕಾದ ತಿಳಿವಳಿಕೆ ಒಬ್ಬರ ಜೇಬಲ್ಲಿ ಉಳಿಯಬಾರದು. ಅಣ್ಣ ರಿಟೈರ್ ಆಗುವ ಮೊದಲು ಮೂರು ತಿಂಗಳು, ದಿನಕ್ಕೆ ಅರ್ಧ ಗಂಟೆ ಕೂತು ಡೈರಿಯನ್ನು ಸೆಟಪ್ ಶೀಟ್‌ಗಳಾಗಿ ಬರೆದುಕೊಂಡೆವು. ಆ ಮೂರು ತಿಂಗಳು ಸಿಕ್ಕಿದ್ದು ಐಎಸ್‌ಒ ದೆಸೆಯಿಂದ, ಅದು ನನಗೆ ಇವತ್ತಿಗೂ ಸಮಾಧಾನ.

ನಮಗೆ ಅನ್ವಯಿಸದೆ ಇರುವುದು, ನಾವು ಮರೆಯುವುದು

ಗ್ರಾಹಕರ ಡ್ರಾಯಿಂಗ್‌ಗೆ ತಕ್ಕಂತೆ ಮಾಡಿಕೊಡುವ ಜಾಬ್ ಶಾಪ್‌ಗೆ ವಿನ್ಯಾಸದ ಕ್ಲಾಸ್ 8.3 ಅನ್ವಯಿಸದೆ ಇರಬಹುದು. ಆದರೆ ಸುಮ್ಮನೆ ಬಿಡುವ ಹಾಗಿಲ್ಲ. ಯಾಕೆ ಅನ್ವಯಿಸುವುದಿಲ್ಲ ಅಂತ ಸ್ಕೋಪ್‌ನಲ್ಲಿ ಕಾರಣ ಬರೆಯಬೇಕು. ಸ್ಕೋಪ್ ಅಂದರೆ ಸರ್ಟಿಫಿಕೇಟ್ ಮೇಲೆ ಬರುವ ಒಂದೆರಡು ಸಾಲು: ನೀವು ಏನು ಮಾಡುತ್ತೀರಿ, ಎಲ್ಲಿ ಮಾಡುತ್ತೀರಿ. ಕೊಳ್ಳುವವರು ಮೊದಲು ಓದಬೇಕಾದದ್ದೂ ಅದನ್ನೇ. ಟ್ರೇಡಿಂಗ್‌ಗೆ ಪಡೆದ ಸರ್ಟಿಫಿಕೇಟ್ ತೋರಿಸಿ ಮೆಷಿನಿಂಗ್ ಆರ್ಡರ್ ಕೇಳುವವರೂ ಇದ್ದಾರೆ.

ಮರೆಯುವುದು ಯಾವುದನ್ನು? ಗ್ರಾಹಕರ ವಸ್ತುಗಳನ್ನು. ಅವರು ಕೊಟ್ಟ ಗೇಜ್, ಡ್ರಾಯಿಂಗ್, ಜಾಬ್ ವರ್ಕ್‌ಗೆ ಕಳಿಸಿದ ಕಾಸ್ಟಿಂಗ್ ಎಲ್ಲ ಅವರ ಆಸ್ತಿ. ಬೆಳಗಾವಿಯ ಫೌಂಡ್ರಿಯವರಿಗೆ ಇದು ಚೆನ್ನಾಗಿ ಗೊತ್ತು, ಅವರ ಶೆಡ್ ತುಂಬ ಗ್ರಾಹಕರ ಪ್ಯಾಟರ್ನ್‌ಗಳೇ ಇರುತ್ತವೆ. ಹಳೇ ರಿವಿಷನ್‌ನ ಡ್ರಾಯಿಂಗ್ ಮೆಷಿನ್ ಪಕ್ಕ ಉಳಿದುಕೊಳ್ಳುವುದು ಇನ್ನೊಂದು ದೊಡ್ಡ ಅಪಾಯ. ಹೊಸದು ಬಂದ ದಿನವೇ ಹಳೇದನ್ನು ವಾಪಸ್ ತೆಗೆದುಕೊಂಡು ಅಡ್ಡಗೆರೆ ಎಳೆಯದಿದ್ದರೆ ಒಂದಲ್ಲ ಒಂದು ದಿನ ಯಾರಾದರೂ ಅದನ್ನೇ ನೋಡಿ ಪೀಸ್ ಮಾಡುತ್ತಾರೆ.

2024ರ ಫೆಬ್ರವರಿಯಲ್ಲಿ ಒಂದು ಸಣ್ಣ ತಿದ್ದುಪಡಿಯೂ ಬಂತು. ಹವಾಮಾನ ಬದಲಾವಣೆ ನಿಮ್ಮ ವ್ಯವಹಾರಕ್ಕೆ ಸಂಬಂಧಪಟ್ಟ ವಿಷಯವಾ ಅಂತ ಯೋಚಿಸಿ ನಿರ್ಧರಿಸಿ ಅನ್ನುತ್ತದೆ ಅದು. ಹೂಂ ಅನ್ನಬಹುದು, ಇಲ್ಲ ಅನ್ನಬಹುದು. ಯೋಚಿಸಿದ್ದೀರಿ ಅನ್ನುವುದು ಕಾಣಬೇಕು.

ಸರ್ಟಿಫಿಕೇಟ್ ಕೊಡುವವರು ಯಾರು

ಜಿನೀವಾದಲ್ಲಿರುವ ಐಎಸ್‌ಒ ಸಂಸ್ಥೆ ಯಾರಿಗೂ ಸರ್ಟಿಫಿಕೇಟ್ ಕೊಡುವುದಿಲ್ಲ. ಅದು ಸ್ಟ್ಯಾಂಡರ್ಡ್ ಬರೆಯುತ್ತದೆ ಅಷ್ಟೇ. ಭಾರತದ ಕಡೆಯಿಂದ ಅದರ ಸದಸ್ಯ ಬಿಐಎಸ್, ಅಂದರೆ ಭಾರತೀಯ ಮಾನಕ ಬ್ಯೂರೋ. ನಿಮ್ಮ ಶಾಪ್‌ಗೆ ಬಂದು ಆಡಿಟ್ ಮಾಡಿ ಸರ್ಟಿಫಿಕೇಟ್ ಕೊಡುವುದು ಸರ್ಟಿಫಿಕೇಷನ್ ಬಾಡಿ. ಆ ಬಾಡಿ ನಂಬಿಕಸ್ಥವಾ ಅಂತ ಪರೀಕ್ಷಿಸಿ ಮಾನ್ಯತೆ ಕೊಡುವುದು ಇನ್ನೊಂದು ಸಂಸ್ಥೆ. ನಮ್ಮ ದೇಶದಲ್ಲಿ ಅದು ಕ್ವಾಲಿಟಿ ಕೌನ್ಸಿಲ್ ಆಫ್ ಇಂಡಿಯಾ ಅಡಿಯಲ್ಲಿರುವ ಎನ್‌ಎಬಿಸಿಬಿ.

ಈ ಸರಪಳಿ ಗೊತ್ತಿಲ್ಲದವರೇ ಮೋಸ ಹೋಗುವುದು. "ಎರಡು ದಿನದಲ್ಲಿ ಐಎಸ್‌ಒ, ಆಡಿಟ್ ಇಲ್ಲ, ವಾಟ್ಸ್ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಕಳಿಸಿ" ಅಂತ ಫೋನ್ ಬರುತ್ತದೆ. ಬರುವ ಹಾಳೆ ನೋಡಲು ಚೆನ್ನಾಗಿಯೇ ಇರುತ್ತದೆ. ಅದರ ಮೇಲೆ ಮಾನ್ಯತೆ ಕೊಟ್ಟ ಸಂಸ್ಥೆಯ ಮುದ್ರೆ ಇದೆಯಾ, ಸರ್ಟಿಫಿಕೇಟ್ ಕೊಟ್ಟ ಬಾಡಿ ನಿಜವಾಗಿ ಮಾನ್ಯತೆ ಪಡೆದದ್ದಾ ಅಂತ ಎನ್‌ಎಬಿಸಿಬಿ ಜಾಲತಾಣದಲ್ಲಿ ಅಥವಾ ಐಎಎಫ್ (ಮಾನ್ಯತೆ ಕೊಡುವ ಸಂಸ್ಥೆಗಳ ಅಂತರರಾಷ್ಟ್ರೀಯ ಒಕ್ಕೂಟ) ಸರ್ಟ್‌ಸರ್ಚ್‌ನಲ್ಲಿ ಹುಡುಕಿ ನೋಡಿ. ದೊಡ್ಡ ಗ್ರಾಹಕರ ಪರ್ಚೇಸ್ ವಿಭಾಗದವರು ಹೇಗೂ ನೋಡುತ್ತಾರೆ. ದುಡ್ಡು ಕೊಟ್ಟು, ಅವರ ಮುಂದೆ ತಲೆತಗ್ಗಿಸುವ ಸ್ಥಿತಿ ಯಾರಿಗೂ ಬರಬಾರದು. ಇನ್ನೊಂದು ಗುರುತು: ನಿಮಗೆ ಡಾಕ್ಯುಮೆಂಟ್ ಮಾಡಿಕೊಡುವ ಕನ್ಸಲ್ಟೆಂಟ್, ನಿಮ್ಮನ್ನು ಆಡಿಟ್ ಮಾಡುವ ಸಂಸ್ಥೆ ಎರಡೂ ಒಂದೇ ಆಗಿರುವಂತಿಲ್ಲ. "ಎರಡೂ ನಾವೇ ಮಾಡ್ತೀವಿ" ಅಂದರೆ ಅಲ್ಲಿಗೇ ಫೋನ್ ಇಡಿ.

ಫೀಸ್ ಲೆಕ್ಕ ಹಾಕುವುದು ಆಡಿಟ್‌ನ ದಿನಗಳ ಮೇಲೆ. ದಿನಗಳನ್ನು ನಿರ್ಧರಿಸುವುದು ಮುಖ್ಯವಾಗಿ ಜನರ ಸಂಖ್ಯೆ. ಐಎಎಫ್‌ನ ಪಟ್ಟಿಯ ಪ್ರಕಾರ 9001ಕ್ಕೆ 6ರಿಂದ 10 ಜನ ಇದ್ದರೆ ಎರಡು ದಿನ, 16ರಿಂದ 25 ಇದ್ದರೆ ಮೂರು ದಿನ, 26ರಿಂದ 45 ಇದ್ದರೆ ನಾಲ್ಕು ದಿನ. ಕೆಲಸದ ಸ್ವರೂಪ ನೋಡಿ ಸ್ವಲ್ಪ ಹೆಚ್ಚು ಕಡಿಮೆ ಆಗುತ್ತದೆ. ಕಾಂಟ್ರ್ಯಾಕ್ಟ್‌ನವರೂ ಲೆಕ್ಕಕ್ಕೆ ಬರುತ್ತಾರೆ. ಮೊದಲ ವರ್ಷದ ನಂತರದ ಸರ್ವೇಲೆನ್ಸ್ ಆಡಿಟ್‌ಗೆ ಇದರ ಮೂರನೇ ಒಂದು ಭಾಗದಷ್ಟು ದಿನ. ಕೊಟೇಷನ್ ಕೇಳುವಾಗ ಸರ್ಟಿಫಿಕೇಟ್ ಅವಧಿಯ ಮೂರೂ ವರ್ಷದ ಖರ್ಚು ಒಟ್ಟಿಗೆ ಕೇಳಿ. ಮೊದಲ ವರ್ಷದ್ದು ಕಡಿಮೆ ತೋರಿಸಿ ಆಮೇಲೆ ಏರಿಸುವುದುಂಟು.

ಉದ್ಯಮ್ ನೋಂದಣಿ ಇರುವ ಸಣ್ಣ ಘಟಕಗಳು ಕೇಂದ್ರ ಎಂಎಸ್‌ಎಂಇ ಸಚಿವಾಲಯದ ಝೆಡ್ (ಝೀರೋ ಡಿಫೆಕ್ಟ್, ಝೀರೋ ಎಫೆಕ್ಟ್) ಯೋಜನೆಯನ್ನೂ ನೋಡಬಹುದು. ಅದು ಐಎಸ್‌ಒ ಅಲ್ಲ, ಬೇರೆಯದೇ. ಕಂಚು, ಬೆಳ್ಳಿ, ಚಿನ್ನ ಅಂತ ಮೂರು ಹಂತ. 2022ರಲ್ಲಿ ಹೊಸ ರೂಪದಲ್ಲಿ ಬಂದಾಗ ಸರ್ಟಿಫಿಕೇಷನ್ ವೆಚ್ಚದಲ್ಲಿ ಮೈಕ್ರೋ ಘಟಕಕ್ಕೆ ಶೇ. 80, ಸಣ್ಣದಕ್ಕೆ ಶೇ. 60, ಮಧ್ಯಮಕ್ಕೆ ಶೇ. 50 ಸಬ್ಸಿಡಿ ಇಟ್ಟರು. ಐಎಸ್‌ಒಗೆ ಹೊರಡುವ ಮೊದಲು ಕಂಚಿನ ಹಂತ ಮಾಡಿದರೆ ಶಾಪ್ ಒಪ್ಪ ಓರಣ ಆಗುತ್ತದೆ, ಒಳ್ಳೆಯ ಅಭ್ಯಾಸ.

ಆಡಿಟ್ ದಿನ

ನಮಗೆ ಶುರುವಿನಿಂದ ಸರ್ಟಿಫಿಕೇಟ್‌ವರೆಗೆ ಏಳು ತಿಂಗಳು ಹಿಡಿಯಿತು. ಹೊರಗಿನವರು ಬರುವ ಮುಂಚೆ ನಾವೇ ನಮ್ಮನ್ನು ಆಡಿಟ್ ಮಾಡಿಕೊಳ್ಳಬೇಕು, ಆಮೇಲೆ ಯಜಮಾನರು ಕೂತು ಮ್ಯಾನೇಜ್‌ಮೆಂಟ್ ರಿವ್ಯೂ ಮಾಡಬೇಕು. ಇಂಟರ್ನಲ್ ಆಡಿಟ್‌ನಲ್ಲಿ ಯಾರೂ ತಮ್ಮ ಕೆಲಸವನ್ನು ತಾವೇ ನೋಡಬಾರದು. ಸ್ಟೋರ್ಸ್‌ನವರು ನನ್ನ ಇನ್‌ಸ್ಪೆಕ್ಷನ್ ನೋಡಿದರು, ನಾನು ಪರ್ಚೇಸ್ ನೋಡಿದೆ. ಸ್ಟೋರ್ಸ್‌ನವರು ನನ್ನಲ್ಲಿ ಹದಿನಾಲ್ಕು ತಪ್ಪು ಹಿಡಿದರು. ಅಷ್ಟು ಶ್ರದ್ಧೆಯಿಂದ ನನ್ನ ಕೆಲಸವನ್ನು ಅದುವರೆಗೆ ಯಾರೂ ನೋಡಿರಲಿಲ್ಲ.

ಹೊರಗಿನ ಆಡಿಟ್ ಎರಡು ಹಂತ. ಮೊದಲನೆಯದರಲ್ಲಿ ನೀವು ತಯಾರಾಗಿದ್ದೀರಾ ಅಂತ ನೋಡುತ್ತಾರೆ. ಎರಡನೆಯದು ನಿಜವಾದದ್ದು. ಆಡಿಟರ್ ನನ್ನ ಫೈಲ್‌ಗಳ ಹತ್ತಿರ ಕೂತದ್ದು ಕಡಿಮೆ. ರವಾನೆಗೆ ಇಟ್ಟಿದ್ದ ಒಂದು ಡಬ್ಬಿ ತೆಗೆದು, "ಇದು ಎಲ್ಲಿಂದ ಬಂತು ತೋರಿಸಿ" ಅಂದರು. ಹಿಂದೆ ಹಿಂದೆ ನಡೆದು ರಾಡ್‌ವರೆಗೆ ಹೋದೆವು. ದಾರಿಯಲ್ಲಿ ಜಾಬ್ ಕಾರ್ಡ್ ಬಗ್ಗೆ ಗೊಣಗಿದ್ದ ಆ ಹುಡುಗನ ಮೆಷಿನ್. ಸರ್ಫೇಸ್ ಪ್ಲೇಟ್ ಮೇಲೆ ಹತ್ತು ಬುಷ್ ಸಾಲಾಗಿ ಇದ್ದವು, ಪಕ್ಕದಲ್ಲಿ ರಿಂಗ್. "ಇವು ಯಾಕೆ ಇಲ್ಲಿವೆ?" ಅಂದರು. "ಆರೋಕೆ ಇಟ್ಟಿದ್ದೀನಿ ಸರ್, ಬಿಸಿ ಇದ್ದಾಗ ಅಳೆದ್ರೆ ಜಾಸ್ತಿ ತೋರಿಸುತ್ತೆ" ಅಂದ. ಆಡಿಟರ್ ಏನೂ ಹೇಳಲಿಲ್ಲ, ಬರೆದುಕೊಂಡರು. ನನಗೆ ಕಣ್ಣು ತುಂಬಿತು.

ಹಾಗಂತ ತಪ್ಪು ಸಿಗಲಿಲ್ಲ ಅಂತಲ್ಲ. ಬೇರೊಂದು ಬ್ರ್ಯಾಕೆಟ್‌ಗೆ ಜಿಂಕ್ ಪ್ಲೇಟಿಂಗ್ ಹೊರಗೆ ಮಾಡಿಸುತ್ತಿದ್ದೆವು. ಡೆಲಿವರಿ ಚಲನ್‌ನಲ್ಲಿ "ಪ್ಲೇಟಿಂಗ್‌ಗೆ" ಅಂತಷ್ಟೇ ಇತ್ತು, ಎಷ್ಟು ಮೈಕ್ರಾನ್ ದಪ್ಪ ಅಂತ ಇರಲಿಲ್ಲ. ಡ್ರಾಯಿಂಗ್‌ನಲ್ಲಿ 8 ಅಂತ ಸ್ಪಷ್ಟವಾಗಿತ್ತು. ಹೊರಗೆ ಕೊಟ್ಟ ಕೆಲಸದ ಜವಾಬ್ದಾರಿಯೂ ನಮ್ಮದೇ ಅನ್ನುವುದು 8.4ನೇ ಕ್ಲಾಸ್. ಅದು ಮೈನರ್ ನಾನ್‌ಕನ್ಫರ್ಮಿಟಿ, ಅಂದರೆ ಸಣ್ಣ ಲೋಪ, ಆಯಿತು. ಮೈನರ್‌ಗೆ ಕಾರಣ ಹುಡುಕಿ, ಹೀಗೆ ಸರಿಮಾಡುತ್ತೇವೆ ಅಂತ ಕೊಟ್ಟ ಯೋಜನೆಯನ್ನು ಅವರು ಒಪ್ಪಿದರೆ ಸಾಕು. ಮೇಜರ್ ಬಂದರೆ, ಅಂದರೆ ವ್ಯವಸ್ಥೆಯ ಒಂದು ಭಾಗವೇ ಇಲ್ಲದಿದ್ದರೆ ಅಥವಾ ಕುಸಿದಿದ್ದರೆ, ಸರಿಪಡಿಸಿದ್ದನ್ನು ಅವರು ಪರಿಶೀಲಿಸುವವರೆಗೆ ಸರ್ಟಿಫಿಕೇಟ್ ಇಲ್ಲ. ಆರು ತಿಂಗಳೊಳಗೆ ಅದು ಮುಗಿಯದಿದ್ದರೆ ಎರಡನೇ ಹಂತದ ಆಡಿಟ್ ಮತ್ತೆ ಮೊದಲಿಂದ. ನಾನ್‌ಕನ್ಫರ್ಮಿಟಿ ಬಂತು ಅಂತ ಆಡಿಟರ್ ಜೊತೆ ಜಗಳಕ್ಕೆ ನಿಲ್ಲಬೇಡಿ. ಬರೆದದ್ದರಲ್ಲಿ ಪುರಾವೆ ಇದೆಯಾ, ಯಾವ ಕ್ಲಾಸ್ ಅಂತ ಇದೆಯಾ ನೋಡಿ. ಇಲ್ಲದಿದ್ದರೆ ಕೇಳುವ ಹಕ್ಕು ನಿಮಗಿದೆ.

ಸರ್ಟಿಫಿಕೇಟ್‌ಗೆ ಮೂರು ವರ್ಷ ಆಯಸ್ಸು. ನಡುವೆ ವರ್ಷಕ್ಕೊಂದು ಸರ್ವೇಲೆನ್ಸ್, ಮುಗಿಯುವ ಮುಂಚೆ ರೀಸರ್ಟಿಫಿಕೇಷನ್. 9001 ಚೆನ್ನಾಗಿ ನೆಲೆಯೂರಿದರೆ ಪರಿಸರಕ್ಕೆ ಸಂಬಂಧಿಸಿದ 14001, ಕೆಲಸಗಾರರ ಸುರಕ್ಷತೆಯ 45001 ಅಷ್ಟು ಕಷ್ಟವಲ್ಲ, ಮೂರಕ್ಕೂ ಚೌಕಟ್ಟು ಒಂದೇ. ವಾಹನದ ಬಿಡಿಭಾಗ ಮಾಡುವವರಿಗೆ ಐಎಟಿಎಫ್ 16949, ವಿಮಾನದ ಭಾಗ ಮಾಡುವವರಿಗೆ ಎಎಸ್ 9100 ಕೇಳುತ್ತಾರೆ. ಅವೆರಡೂ 9001ರ ಮೇಲೇ ಕಟ್ಟಿದ ಮಹಡಿಗಳು.

ಸರ್ಟಿಫಿಕೇಟ್ ಬಂದು ಒಂದೂವರೆ ವರ್ಷದ ಮೇಲೆ ಅದೇ ಗ್ರಾಹಕರಿಂದ ಮತ್ತೆ ಫೋನ್ ಬಂತು. ಮೂರು ಬುಷ್‌ನಲ್ಲಿ ಸಣ್ಣ ಬಿರುಕು ಕಂಡಿದೆ, ಲಾಟ್‌ನಲ್ಲಿರುವ 240 ಪೀಸನ್ನೂ ತಡೆಹಿಡಿದಿದ್ದೇವೆ ಅಂದರು. ಜಾಬ್ ಕಾರ್ಡ್ ತೆಗೆದೆ. ಮೂರೂ ಪೀಸ್ ಒಂದೇ ಹೀಟ್ ನಂಬರಿನವು, ಆ ಹೀಟ್‌ನಿಂದ ಬಂದದ್ದು ಒಂದೇ ರಾಡ್, ಅದರಿಂದ ಆದದ್ದು 36 ಬುಷ್, ಎಲ್ಲವೂ ಎರಡನೇ ಟ್ರೇಯಲ್ಲಿ ಹೋಗಿವೆ. ಹತ್ತು ನಿಮಿಷದಲ್ಲಿ ವಾಪಸ್ ಫೋನ್ ಮಾಡಿ ಹೇಳಿದೆ. ಮಧ್ಯಾಹ್ನ ಟೆಂಪೋ ಬಂತು. ಅದರಲ್ಲಿ 36 ಬುಷ್ ಇದ್ದವು. ಉಳಿದ 204 ಅಷ್ಟೊತ್ತಿಗಾಗಲೇ ಅವರ ಅಸೆಂಬ್ಲಿ ಲೈನ್‌ಗೆ ಹೋಗಿದ್ದವು.